ಅಜ್ಜಿ ತೀರಿಕೊಂಡ ಪ್ರಬಂಧ

ಆ ಪ್ರಬಂಧ ಓದಿ ನಾನು ಅತ್ತಿದ್ದೆ. ಸೆರಿಟೋಸಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಬರೆದವಳು ಹದಿನಾರು ವರ್ಷದ ಹುಡುಗಿ, ಹತ್ತಿರದ ಊರಾದ ಡೈಮಂಡ್ ಬಾರ್‌ನವಳು. ತಮ್ಮ ಜೊತೆಯಲ್ಲೇ ಇದ್ದ ಅಜ್ಜಿ, ಅಂದರೆ ಅಮ್ಮನ ಅಮ್ಮ, ಮದುವೆಗೆಂದು ಬೆಂಗಳೂರಿಗೆ ಹೋಗಿ, ಕೋವಿಡ್‌ನ ಎರಡನೇ ಅಲೆಯಲ್ಲಿ ಸಿಕ್ಕಿಹಾಕಿಕೊಂಡು, ಆಸ್ಪತ್ರೆಯ ಕಾರಿಡಾರಿನಲ್ಲಿ ಹಾಸಿಗೆಗಾಗಿ ಕಾಯುತ್ತ ತೀರಿಕೊಂಡದ್ದನ್ನು ಅವಳು ಬರೆದಿದ್ದಳು. ಕೊನೆಯ ಹೊತ್ತಿನಲ್ಲಿ ನರ್ಸ್ ಒಬ್ಬಳು ಫೋನನ್ನು ಅಜ್ಜಿಯ ಮುಖದ ಹತ್ತಿರ ಹಿಡಿದಿದ್ದಳಂತೆ. ನೀಲಿ ಗ್ಲೌಸ್ ಹಾಕಿದ ಅವಳ ಇನ್ನೊಂದು ಕೈ ಅಜ್ಜಿಯ ಕೈ ಹಿಡಿದಿತ್ತಂತೆ. 'ಪ್ರತಿದಿನ ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದ ಕೈ ಅದು' ಎಂದು ಬರೆದು, ತಾನು ಡಾಕ್ಟರ್ ಆಗಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ ಎಂದು ಮುಗಿಸಿದ್ದಳು.

ಆ ವರ್ಷ ನಮ್ಮ ಪರಿಚಯದ ಎಷ್ಟೋ ಮನೆಗಳಿಗೆ ಅಂಥ ಫೋನು ಬಂದಿತ್ತು. ನನ್ನ ಸೋದರಮಾವ ಹೋದದ್ದನ್ನು ನಾನೂ ಹೀಗೇ ಪರದೆಯ ಮೇಲೆ ನೋಡಿದವಳು. ಸೌಟು ಕೆಳಗಿಟ್ಟು ಅವಳಿಗೆ ಮೆಸೇಜ್ ಕಳಿಸಿದೆ: 'ಒಂದು ಅಕ್ಷರವನ್ನೂ ಬದಲಿಸಬೇಡ.'

ನಾನು ಕಾಲೇಜು ಸೇರುವವರಿಗೆ ಸಲಹೆ ಕೊಡುವ ಕೌನ್ಸೆಲರ್ ಅಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಗಳು ಹೈಸ್ಕೂಲಿನ ಜೂನಿಯರ್, ಅಂದರೆ ಹನ್ನೊಂದನೆಯ ಕ್ಲಾಸು. ಕಾಲೇಜಿಗೆ ಏನು ಮಾಡಬೇಕು, ಯಾವಾಗ ಮಾಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಅವಳು ಊಟದ ಮೇಜಿನ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ ಕೂತು ಒಂದೊಂದಾಗಿ ಓದಿ ತಿಳಿದುಕೊಂಡೆವು. ಮರುವರ್ಷ ಅವಳು ಸ್ಯಾನ್ ಡಿಯಾಗೋಗೆ ಓದಲು ಹೋದಳು. ಆಮೇಲೆ ಪರಿಚಯದವರು ಫೋನ್ ಮಾಡತೊಡಗಿದರು. "ನಮ್ಮವನಿಗೂ ಸ್ವಲ್ಪ ಹೇಳ್ರೀ, ನಮ್ಮ ಮಾತು ಕೇಳಲ್ಲ" ಎಂದು ಶುರುವಾದದ್ದು ಮೊದಲು ವಿಡಿಯೋದಲ್ಲಿ ನಡೆಯಿತು, ನಂತರ ಶನಿವಾರ ಮಧ್ಯಾಹ್ನ ಲೈಬ್ರರಿಯ ಒಂದು ಚಿಕ್ಕ ಕೋಣೆಗೆ ಬಂತು. ಆರೇಳು ಜನ ಜೂನಿಯರ್‌ಗಳು. ಯಾವ ಓದಿಗೆ ಯಾವ ಕೆಲಸ, ಬೇಸಿಗೆಯಲ್ಲಿ ಏನು ಮಾಡಬಹುದು, ಕಾಲೇಜಿನ ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧ ಹೇಗೆ ಬರೆಯುವುದು, ಇಷ್ಟೇ ನಮ್ಮ ಪಾಠ.

ಆ ಹುಡುಗಿ ಬಂದದ್ದು ಮೂರನೇ ವರ್ಷದ ಗುಂಪಿನಲ್ಲಿ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದಳು. ಇಲ್ಲಿ ಹುಟ್ಟಿದ ಉಳಿದ ಮಕ್ಕಳಂತೆ ಅವಳಿಗೂ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪ್ರಬಂಧದ ಪಾಠದ ದಿನ ನಾನು ಹೇಳಿದ್ದೆ: "ನಿಮ್ಮನ್ನ ಅಲ್ಲಾಡಿಸಿದ ಒಂದು ವಿಷಯ ಬರೀರಿ. ಓದೋರ ಎದೆಗೆ ತಾಗಬೇಕು. ಎಲ್ಲರೂ ರೊಬಾಟಿಕ್ಸ್ ಬಗ್ಗೆ ಬರೆದ್ರೆ ನಿಮ್ಮನ್ನ ಯಾರು ನೆನಪಿಟ್ಟುಕೊಳ್ತಾರೆ?"

ಅವಳು ಕೈಯೆತ್ತಿದಳು. "ಆಂಟಿ, ನನಗೆ ಅಂಥದ್ದು ಏನೂ ಆಗಿಲ್ಲ."

"ಇರುತ್ತಮ್ಮ. ಎಲ್ಲರಿಗೂ ಇರುತ್ತೆ. ಹುಡುಕು."

"ನಿಜವಾಗಲೂ ಇಲ್ಲ ಆಂಟಿ. ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ."

ಮಕ್ಕಳು ನಕ್ಕರು. ನಾನೂ ನಕ್ಕೆ. "ಇನ್ನೊಂದು ಸಲ ಹುಡುಕು" ಎಂದೆ. ಎರಡು ವಾರದ ನಂತರ ಬಂದದ್ದು ಆ ಪ್ರಬಂಧ. ಎಲ್ಲರೂ ಚೆನ್ನಾಗಿದ್ದಾರೆ ಎಂದಿದ್ದ ಮಾತು ನನಗೆ ನೆನಪಾಗಬೇಕಿತ್ತು. ಆಗಲಿಲ್ಲ. ನೋವನ್ನು ಮುಚ್ಚಿಟ್ಟಿದ್ದಳು ಪಾಪ ಎಂದುಕೊಂಡೆ.

ಅದೇ ಪ್ರಬಂಧ ಇಟ್ಟುಕೊಂಡು ಅವಳು ಸ್ಯಾನ್ ಡಿಯಾಗೋದ ಲಾ ಹೋಯಾ ಬಡಾವಣೆಯ ಒಂದು ಸಂಶೋಧನಾಲಯದ ಬೇಸಿಗೆ ತರಬೇತಿಗೆ ಅಪ್ಲೈ ಮಾಡಿದಳು. ಹೈಸ್ಕೂಲ್ ಮಕ್ಕಳನ್ನು ಆರು ವಾರ ಲ್ಯಾಬಿನಲ್ಲಿ ಕೆಲಸಕ್ಕೆ ಹಚ್ಚುವ ಕಾರ್ಯಕ್ರಮ, ಸಿಗುವುದು ಕಷ್ಟ. ಶಾಲೆಯ ಹೊರಗೆ ತನ್ನನ್ನು ಬಲ್ಲ ಒಬ್ಬ ದೊಡ್ಡವರ ಶಿಫಾರಸು ಪತ್ರ ಬೇಕಿತ್ತು. ನಾನು ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಅಜ್ಜಿಯ ಸಾವು ಈ ಹುಡುಗಿಯನ್ನು ಹೇಗೆ ಗಟ್ಟಿಗೊಳಿಸಿತೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.' ನಾನು ಕಂಡಿರಲಿಲ್ಲ. ಅವಳ ಪರಿಚಯವಾಗಿ ಆರು ತಿಂಗಳೂ ಆಗಿರಲಿಲ್ಲ. ಆದರೆ ಬರೆಯುವಾಗ ನಿಜವಾಗಿಯೂ ಕಂಡಂತೆಯೇ ಅನಿಸಿತ್ತು.

ಇಂಟರ್‌ವ್ಯೂಗೆ ಕರೆ ಬಂತು. ವಸಂತದ ರಜೆಯ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅವಳ ಅಪ್ಪ ಅಮ್ಮ ಇಬ್ಬರಿಗೂ ಅವತ್ತು ಕೆಲಸ. ಮಗಳನ್ನು ನೋಡಲು ನಾನು ಹೇಗೂ ಸ್ಯಾನ್ ಡಿಯಾಗೋಗೆ ಹೋಗುವವಳಿದ್ದೆ. ಕರೆದುಕೊಂಡು ಹೋಗುತ್ತೇನೆ ಎಂದೆ. ಆ ಖುಷಿಗೆ ಅವಳ ತಂದೆ ಭಾನುವಾರ ನನ್ನನ್ನೂ ನನ್ನ ಗಂಡನನ್ನೂ ಊಟಕ್ಕೆ ಕರೆದರು.

ಡೈಮಂಡ್ ಬಾರ್‌ನ ಗುಡ್ಡದ ಮೇಲಿನ ಮನೆ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಸೋಫಾದ ಮೇಲೆ ಹಸಿರು ಸೀರೆಯುಟ್ಟ, ಕಪ್ಪು ಕನ್ನಡಕ ಹಾಕಿದ ಒಬ್ಬ ಹಿರಿಯರು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ನೀವಽ ಏನ್ರಿ ನಮ್ಮ ಹುಡುಗಿಗೆ ಹೇಳಿಕೊಡೋರು? ಬರ್ರಿ, ಬರ್ರಿ, ಕುಂದರ್ರಿ. ಹಗಲೆಲ್ಲ ನಿಮ್ಮ ಮಾತಽ ಆಡ್ತಾಳ್ರಿ ನನ್ನ ಮೊಮ್ಮಗಳು."

ಧಾರವಾಡದ ಕಡೆಯ ಮಾತು. ನಾನು ಕೂತೆ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟಗಳ ಟ್ರೇ ಹಿಡಿದು ನಿಂತುಬಿಟ್ಟಿದ್ದಳು. ಮುಂದೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

"ನೀವು... ಇವಳ ಅಮ್ಮನ ತಾಯೀನಾ?" ಎಂದು ಕೇಳಿದೆ.

"ಹೌದ್ರಿ. ಇಲ್ಲಿಗೆ ಬಂದು ಒಂಬತ್ತು ವರ್ಷಾತು. ಹೋದ ತಿಂಗಳು ಕಣ್ಣಿನ ಆಪರೇಶನ್ ಆತು. ದಿನಕ್ಕ ನಾಕು ಸಲ ಡ್ರಾಪ್ಸ್ ಹಾಕಾಕಿ ಇಕಿನಽ ನೋಡ್ರಿ. ಸಾಲಿಯಿಂದ ಓಡಿ ಬಂದು ಹಾಕ್ತಾಳ."

"ಈಚೆಗೆ ಊರಿಗೆ ಹೋಗಿದ್ರಾ?"

"ಇಲ್ರಿ, ಕೊರೊನಾಕಿಂತ ಮೊದಲಽ ಹೋಗಿದ್ದು. ಆಮ್ಯಾಲೆ ಯಾರು ಕಳಸ್ತಾರ್ರಿ ನನ್ನ?"

ಅವರು ನಕ್ಕರು. ನನ್ನ ಗಂಡ ನನ್ನ ಮುಖ ನೋಡಿದರು. ಆ ಪ್ರಬಂಧವನ್ನು ನಾನು ಅವರಿಗೂ ಓದಿ ಹೇಳಿದ್ದೆ. ಹುಡುಗಿ ಟ್ರೇಯನ್ನು ಮೇಜಿನ ಮೇಲಿಟ್ಟು, ನೀರು ಕೊಡದೆ, ಗ್ಯಾರೇಜಿನ ಕಡೆಯ ಬಾಗಿಲು ತೆರೆದು ಹೋದಳು. ಕೈ ತೊಳೆಯುವ ನೆಪ ಹೇಳಿ ನಾನೂ ಹಿಂದೆ ಹೋದೆ.

ಗ್ಯಾರೇಜಿನಲ್ಲಿ ವಾಷಿಂಗ್ ಮಷಿನ್ನಿಗೆ ಒರಗಿ ನಿಂತಿದ್ದಳು. ನಾನು ಬಾಗಿಲು ಮುಚ್ಚಿದೆ.

"ಆಂಟಿ, ಅಜ್ಜಿಗೆ ಹೇಳಬೇಡಿ."

"ಪ್ರಬಂಧದಲ್ಲಿ ಸತ್ತದ್ದು ಯಾರು?"

"ಅಪ್ಪನ ದೊಡ್ಡಮ್ಮ. ಅದೆಲ್ಲ ನಿಜ. ನರ್ಸ್, ಫೋನು, ಕಾರಿಡಾರು, ಎಲ್ಲ ನಿಜ. ನಾನು ಪಕ್ಕದ ರೂಮಿನಲ್ಲಿ ಆನ್‌ಲೈನ್ ಕ್ಲಾಸಿನಲ್ಲಿದ್ದೆ. ಗೋಡೆಯ ಆಚೆ ಅಪ್ಪ ಫೋನಿನಲ್ಲಿ ನೋಡುತ್ತಿದ್ದರು, ನನಗೆ ಎಲ್ಲ ಕೇಳಿಸುತ್ತಿತ್ತು."

"ನಿನ್ನ ತಲೆ ಬಾಚುತ್ತಿದ್ದವರು?"

ಅವಳು ಕೆಳಗೆ ನೋಡಿದಳು. "ನಾನು ಅವರನ್ನು ನೋಡಿದ್ದು ಒಂದೇ ಸಲ. ಐದು ವರ್ಷದವಳಿದ್ದಾಗ."

"ಮತ್ತೆ ಅಜ್ಜಿ ಅಂತ ಯಾಕೆ ಬರೆದೆ?"

"ಗ್ರ್ಯಾಂಡ್‌ಮದರ್ ಒಂದೇ ಪದ, ಆಂಟಿ. ಅಪ್ಪನನ್ನು ಸಾಕಿದ ಅವರ ದೊಡ್ಡಮ್ಮ ಅಂತ ವಿವರಿಸಲು ಹೋದರೆ ಅರ್ಧ ಪ್ಯಾರಾ ಅದಕ್ಕೇ ಹೋಗುತ್ತೆ. ಪದಗಳ ಮಿತಿ ಇದೆಯಲ್ಲ. ನೀವೇ ಹುಡುಕು ಅಂದಿರಿ. ಎರಡು ಸಲ ಅಂದಿರಿ" ಎಂದಳು.

ಏನಾದರೂ ಹೇಳಬೇಕಲ್ಲ ಎಂದು, "ಅಜ್ಜಿಗೆ ಕಣ್ಣಿಗೆ ಡ್ರಾಪ್ಸ್ ಹಾಕ್ತೀಯಂತಲ್ಲ, ಅದನ್ನೇ ಬರೀಬಹುದಿತ್ತು. ಈಗಲೂ..." ಎಂದೆ.

ಅವಳ ಮುಖ ಕೆಂಪಾಯಿತು. "ದಯವಿಟ್ಟು ಅದನ್ನೂ ಪ್ರಬಂಧ ಮಾಡಬೇಡಿ, ಆಂಟಿ."

ಊಟ ಹೇಗೆ ಮುಗಿಯಿತೋ ಗೊತ್ತಿಲ್ಲ. ಆ ಹಿರಿಯರು ನನ್ನ ತಟ್ಟೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಿದ್ದರು. ಹೊರಡುವಾಗ ತಂದೆ ಕಾರಿನ ತನಕ ಬಂದರು. ಟೆಲಿಕಾಂ ಎಂಜಿನಿಯರ್, ಬೆಂಗಳೂರಿನವರು, ಮೆಲುದನಿಯ ಮನುಷ್ಯ. ಮಗಳು ಅವರಿಗೆ ಹೇಳಿರಬೇಕು.

"ಮೇಡಂ, ನೀವು ಏನೋ ಬೇಜಾರು ಮಾಡ್ಕೊಂಡ್ರಿ ಅನ್ಸುತ್ತೆ."

"ಬೇಜಾರಲ್ಲ. ಭಯ. ಗುರುವಾರ ಅವರು ಅಜ್ಜಿ ಬಗ್ಗೆ ಕೇಳಿದ್ರೆ ಇವಳು ಏನು ಹೇಳ್ತಾಳೆ?"

"ಬರೆದಿದ್ದನ್ನೇ ಹೇಳ್ತಾಳೆ. ನೋಡಿ, ನಮ್ಮಮ್ಮ ಹೋದಾಗ ನನಗೆ ನಾಲ್ಕು ವರ್ಷ. ದೊಡ್ಡಮ್ಮನೇ ಸಾಕಿದ್ದು. ಅಂದ್ರೆ ಇವಳಿಗೆ ಅವರು ಅಜ್ಜೀನೇ ಅಲ್ವಾ? ನಮ್ಮ ಕಡೆ ಬೇರೆ ಏನಂತ ಕರೀತಾರೆ?"

"ಆದ್ರೆ ಇವಳು ಬರೆದಿರೋದು ಅಮ್ಮನ ಅಮ್ಮ ಅಂತ. ಜೊತೇಲಿದ್ರು, ತಲೆ ಬಾಚ್ತಿದ್ರು ಅಂತ..."

"ನನ್ನ ತಲೆ ಬಾಚ್ತಿದ್ರು ಮೇಡಂ." ಅವರ ದನಿ ಏರಿತು. "ಇವಳು ಬರೆದಿದ್ದನ್ನ ಓದಿ ನಾನು ಕಾರಲ್ಲಿ ಒಂದು ಗಂಟೆ ಕೂತಿದ್ದೆ. ಅದನ್ನ ಸುಳ್ಳು ಅಂತೀರಾ ನೀವು? ಈಗ ನೀವು ಲೆಟರ್ ವಾಪಸ್ ತಗೊಂಡ್ರೆ ಅವಳ ಹೆಸರೇ ಹಾಳಾಗುತ್ತೆ. ನಾಳೆ ಕಾಲೇಜುಗಳಿಗೂ ಗೊತ್ತಾದ್ರೆ? ಯೋಚನೆ ಮಾಡಿ."

ಮನೆಗೆ ಬರುವ ದಾರಿಯಲ್ಲಿ ನನ್ನ ಗಂಡ ಒಂದೇ ಮಾತು ಹೇಳಿದರು: "ಅವಳ ಪ್ರಬಂಧ ಅವಳದು. ನಿನ್ನ ಪತ್ರ ನಿನ್ನದು. ಎರಡನ್ನೂ ಕಲಸಬೇಡ."

ಸೋಮವಾರ ಕೂತು ಇನ್ನೊಂದು ಪತ್ರ ಬರೆದೆ. ಹುಡುಗಿಯ ಅಜ್ಜಿಯ ವಿಷಯ ಎತ್ತಲಿಲ್ಲ. ನಾನು ಅವಳನ್ನು ಬಲ್ಲದ್ದು ಆರು ತಿಂಗಳಿಂದ ಮಾತ್ರ ಎಂದೂ, ಅವಳ ದುಃಖವನ್ನು ಹತ್ತಿರದಿಂದ ಕಂಡೆ ಎಂದು ಬರೆದದ್ದು ಸರಿಯಲ್ಲ ಎಂದೂ, ಆ ವಾಕ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದೂ ಬರೆದೆ. ಕಳಿಸಲಿಲ್ಲ. ಮಂಗಳವಾರ ಎರಡು ಸಲ ತೆರೆದು ಮುಚ್ಚಿದೆ. ಪತ್ರ ತಿದ್ದಿದರೆ ಲ್ಯಾಬಿನವರಿಗೆ ಸಂಶಯ ಬರುವುದು ಖಂಡಿತ. ತಿದ್ದದಿದ್ದರೆ, ಆ ಹುಡುಗಿ ಇಬ್ಬರು ವಿಜ್ಞಾನಿಗಳ ಮುಂದೆ ಕೂತು, ಬದುಕಿರುವ ಅಜ್ಜಿಯ ಸಾವಿನ ಬಗ್ಗೆ ಕಣ್ಣೀರು ಹಾಕಬೇಕು. ನನ್ನ ಪತ್ರ ಅವಳ ಪಕ್ಕದಲ್ಲಿ ಸಾಕ್ಷಿಯಾಗಿ ಇರುತ್ತದೆ. ಬುಧವಾರ ಅವಳ ತಂದೆಯಿಂದ ಮೆಸೇಜ್ ಬಂತು: 'ಥ್ಯಾಂಕ್ಸ್ ಫಾರ್ ಅಂಡರ್‌ಸ್ಟ್ಯಾಂಡಿಂಗ್.' ನಾನು ಏನನ್ನೂ ಒಪ್ಪಿಕೊಂಡಿರಲಿಲ್ಲ.

ಗುರುವಾರ ಏಳೂವರೆಗೆ ಅವಳನ್ನು ನಮ್ಮ ಮನೆಯ ಮುಂದೆ ಇಳಿಸಿ ತಂದೆ ಕೆಲಸಕ್ಕೆ ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ತೊಡೆಯ ಮೇಲೆ ಫೈಲು. ಐದನೇ ನಂಬರಿನ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೊರಟೆವು. ಎರಡು ಗಂಟೆಯ ದಾರಿ; ಸಮಯ ಬೇಕಾದಷ್ಟಿತ್ತು. ಸ್ಯಾನ್ ಕ್ಲೆಮೆಂಟೆ ಹತ್ತಿರ ಬರುತ್ತಿದ್ದಂತೆ ಮುಂದಿನ ಕಾರುಗಳ ಕೆಂಪು ದೀಪಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಎಲ್ಲ ಲೇನುಗಳೂ ನಿಂತವು. ಮುಂದೆ ಎಲ್ಲೋ ಅಪಘಾತವಾಗಿತ್ತು.

ನಿಂತ ಕಾರಿನಲ್ಲಿ ಮಾತಾಡದೆ ಕೂರುವುದು ಸಾಧ್ಯವಾಗಲಿಲ್ಲ. "ನಿನಗೆ ಒಂದು ವಿಷಯ ಹೇಳಬೇಕು" ಎಂದೆ. "ನನ್ನ ಪತ್ರದಲ್ಲಿ ನಾನು ಒಂದು ಸುಳ್ಳು ಬರೆದಿದೀನಿ. ನೀನು ಒಳಗೆ ಹೋಗೋಕೆ ಮುಂಚೆ ಅದನ್ನ ತಿದ್ದಿ ಕಳಿಸ್ತೀನಿ."

ಅವಳು ತಟ್ಟನೆ ತಿರುಗಿದಳು. "ಇವತ್ತಾ?"

"ಇವತ್ತೇ."

"ಅಪ್ಪ ನೀವು ಒಪ್ಪಿಕೊಂಡಿದ್ದೀರಿ ಅಂದರು!"

"ನಾನು ಒಪ್ಕೊಂಡಿಲ್ಲ."

"ಒಂದು ಅಕ್ಷರ ಬದಲಿಸಬೇಡ ಅಂದದ್ದು ನೀವು. ಅದನ್ನು ಕ್ಲಾಸಿನಲ್ಲಿ ಎಲ್ಲರಿಗೂ ಓದಿಸಿದ್ದು ನೀವು. ಈಗ ನೀವು ಒಳ್ಳೆಯವರಾಗುತ್ತೀರಿ, ನಾನು ಸುಳ್ಳುಗಾತಿ ಆಗುತ್ತೇನೆ. ಅಷ್ಟೇ ತಾನೇ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಫೋನು ತೆಗೆದು ಅವಳ ಕೈಗೆ ಕೊಟ್ಟೆ. "ಓದು. ನಿನ್ನ ಅಜ್ಜಿ ಬಗ್ಗೆ ಒಂದು ಮಾತೂ ಇಲ್ಲ. ನಾನು ಮಾಡಿದ್ದು ಮಾತ್ರ ಇದೆ. ನಿನ್ನದನ್ನ ಹೇಳೋದು ಬಿಡೋದು ನಿನಗೆ ಸೇರಿದ್ದು."

ಓದಿದಳು. ಫೋನನ್ನು ಇಬ್ಬರ ನಡುವೆ ಇಟ್ಟು ಕಿಟಕಿಯ ಕಡೆ ತಿರುಗಿದಳು. ಗಂಟೆ ಒಂಬತ್ತೂವರೆ. ಕಾರುಗಳು ಆಮೆಯಂತೆ ಒಂದೊಂದೇ ಗಜ ಸರಿಯುತ್ತಿದ್ದವು. ಬಲಗಡೆ ಸಮುದ್ರ ಕಾಣಿಸಿಕೊಂಡಿತು. ಬೂದು ಬಣ್ಣಕ್ಕೆ ತಿರುಗಿ, ಮೇಲೆ ಮಂಜು ಕವಿದಿತ್ತು. ಇಬ್ಬರೂ ಅದನ್ನು ನೋಡಿದೆವು ಅನ್ನಲಾರೆ. ಲೇನು ಬದಲಿಸಲೆ, ಫೋನ್ ಮಾಡಿ ತಡವಾಗುತ್ತದೆ ಎನ್ನಲೆ ಎಂದು ಕೇಳಿದರೆ ಭುಜ ಕುಣಿಸಿದಳು. ಹತ್ತು ಗಂಟೆಗೆ ದಾರಿ ಬಿಡುವಾಯಿತು. ಜಖಂಗೊಂಡ ಎರಡು ಕಾರುಗಳ ಪಕ್ಕದಲ್ಲಿ ಹಾದು, ನಾನು ಯಾವತ್ತೂ ಓಡಿಸದ ವೇಗದಲ್ಲಿ ಓಡಿಸಿದೆ.

"ನಾನೇ ಹೇಳಿದರೆ?" ಎಂದಳು ಒಮ್ಮೆಲೇ. "ನಾನೇ ಎಲ್ಲ ಹೇಳಿದರೆ, ಆಗಲೂ ನೀವು ಇದನ್ನು ಕಳಿಸಲೇಬೇಕಾ?"

"ಕಳಿಸಬೇಕು. ಇದು ನನ್ನ ಪಾಲಿಂದು."

ಲಾ ಹೋಯಾದ ಪಾರ್ಕಿಂಗ್‌ಗೆ ಬಂದಾಗ ಹನ್ನೊಂದಕ್ಕೆ ಎಂಟು ನಿಮಿಷವಿತ್ತು. ಎಂಜಿನ್ ಆಫ್ ಮಾಡಿ, ಅವಳ ಮುಂದೆಯೇ ಪತ್ರ ಕಳಿಸಿದೆ. ಹೋಯಿತೆಂಬ ಸಣ್ಣ ಸದ್ದು ಬಂತು. ಅವಳು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಇಳಿದು ಹೋದಳು. ಫೈಲು ಸೀಟಿನ ಮೇಲೆಯೇ ಉಳಿದಿತ್ತು. ಓಡಿ ಹೋಗಿ ಕೊಡಬೇಕೆಂದು ಬಾಗಿಲು ತೆರೆದೆ. ಅಷ್ಟರಲ್ಲಿ ಗಾಜಿನ ಬಾಗಿಲು ಅವಳ ಹಿಂದೆ ಮುಚ್ಚಿತ್ತು.

ಇಪ್ಪತ್ತು ನಿಮಿಷದ ಇಂಟರ್‌ವ್ಯೂ. ನೀಲಗಿರಿ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಇಪ್ಪತ್ತಾಯಿತು, ನಲವತ್ತಾಯಿತು. ಅವಳ ತಂದೆಯಿಂದ ಮೂರು ಸಲ ಫೋನು ಬಂತು, ಎತ್ತಲಿಲ್ಲ. ಸ್ಕೇಟ್‌ಬೋರ್ಡಿನ ಮೇಲೆ ಹುಡುಗರು ಹಾದು ಹೋದರು. ನನ್ನ ಮಗಳು 'ಎಲ್ಲಿದ್ದೀಯಮ್ಮ' ಎಂದು ಮೆಸೇಜ್ ಮಾಡಿದಳು. ಹದಿನಾರು ವರ್ಷದ ಮಗುವನ್ನು ಒಳಗೆ ಕಳಿಸಿ ಹೊರಗೆ ಕೂತು, ನಾನು ಸರಿ ಮಾಡಿದೆನೋ, ಕೇವಲ ನನ್ನ ಮನಸ್ಸು ಹಗುರ ಮಾಡಿಕೊಂಡೆನೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಒಂದು ಗಂಟೆಯ ಮೇಲೆ ಹೊರಬಂದಳು. ಅತ್ತಿದ್ದಳು, ಮುಖ ತೊಳೆದಿದ್ದಳು. ಅಂಗಿಯ ಕಾಲರು ಒದ್ದೆಯಾಗಿತ್ತು.

"ಹೇಳಿದೆ" ಎಂದಳು.

"ಅವರು ಕೇಳಿದ್ರಾ?"

"ಇಲ್ಲ. ಅಜ್ಜಿಯ ಬಗ್ಗೆ ಕೇಳಿ ತುಂಬಾ ದುಃಖವಾಯಿತು ಅಂದರು ಒಬ್ಬರು. ವಯಸ್ಸಾದ ಹೆಂಗಸು. ಅವರು ನಿಜವಾಗಲೂ ದುಃಖಪಟ್ಟಿದ್ದರು, ಆಂಟಿ. ಅದನ್ನು ನೋಡಿ ನನ್ನಿಂದ ಆಗಲಿಲ್ಲ."

"ಆಮೇಲೆ?"

"ಮತ್ತೆ ನಿನಗೆ ಇಲ್ಲಿ ಯಾಕೆ ಬರಬೇಕು ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಡಾಕ್ಟರ್ ಆಗಬೇಕಾ ಅನ್ನುವುದೂ ಗೊತ್ತಿಲ್ಲ ಅಂದೆ. ಮೈಕ್ರೋಸ್ಕೋಪಿನಲ್ಲಿ ಎಣಿಸುವ ಕೆಲಸ ಇಷ್ಟ, ಎಣಿಸುವಾಗ ತಲೆ ಶಾಂತವಾಗಿರುತ್ತೆ ಅಂದೆ. ಅವರು ಲ್ಯಾಬ್ ತೋರಿಸಿದರು. ಅಲ್ಲೇ ತಡವಾಯಿತು."

"ತಗೊಳ್ತಾರಾ?"

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಇಲ್ಲ, ಆಂಟಿ."

ನಮ್ಮ ಮಗಳ ಜೊತೆ ಮೂವರೂ ಊಟ ಮಾಡಿದೆವು. ಹುಡುಗಿ ಎರಡು ತುತ್ತು ತಿಂದಳು. ಹಿಂದಿರುಗುವ ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ಅಥವಾ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಮನೆಗೇ ಕರೆದುಕೊಂಡು ಹೋದೆ. ಗುಡ್ಡ ಹತ್ತುವಾಗ, "ಅಜ್ಜಿಗೆ ಹೇಳಬೇಕು. ನೀವೂ ಒಳಗೆ ಬನ್ನಿ" ಎಂದಳು.

ಮಧ್ಯಾಹ್ನ ನಾಲ್ಕರ ಹೊತ್ತು. ಅಜ್ಜಿ ಒಬ್ಬರೇ ಇದ್ದರು, ಮೇಜಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಹುಡುಗಿ ಎದುರಿನ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಶುರುಮಾಡಿದಳು. ಅವಳು ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಜ್ಜಿ, ನಾನು ಒಂದು ಎಸ್ಸೇ ಬರೆದೆ. ಅದರಲ್ಲಿ ನೀವು... ನೀವು ಸತ್ತುಹೋದ್ರಿ."

ಅಜ್ಜಿಯ ಕೈ ನಿಂತಿತು. "ನಾನು? ಎದಕ್ಕ?"

"ಸಮ್ಮರ್ ಪ್ರೋಗ್ರಾಮ್ ಸಿಗಲಿ ಅಂತ."

"ನನ್ನ ಸಾಯಿಸಿ ಕಾಲೇಜ್ ಸೇರಾಕ ಹೊಂಟಿದ್ದಿ ಏನು?"

ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಪರೇಶನ್ ಆದ ಕಣ್ಣು ಇನ್ನೂ ಕೆಂಪಗಿತ್ತು. "ಹೆಂಗ ಸತ್ನಿ?"

ಹುಡುಗಿ ಕಾರಿಡಾರು, ನರ್ಸು, ಫೋನು ಎಂದು ಹೇಳುತ್ತ ಹೋದಳು. ಪದ ಸಿಗದ ಕಡೆ ಇಂಗ್ಲಿಷು, ಅದೂ ತಿಳಿಯದ ಕಡೆ ನಾನು ಬಿಡಿಸಿ ಹೇಳಿದೆ. ಅರ್ಧಕ್ಕೇ ಅಜ್ಜಿ ಕೈಯೆತ್ತಿ ತಡೆದರು.

"ಇದು ನಿಮ್ಮಪ್ಪನ ದೊಡ್ಡವ್ವಂದು."

"ಹ್ಞೂಂ."

"ಆಕಿ ಸಾವು ತಗೊಂಡು ನನಗ ಹಚ್ಚಿದಿ." ಸೊಪ್ಪಿನ ರಾಶಿಯನ್ನು ಪಕ್ಕಕ್ಕೆ ಸರಿಸಿದರು. "ನನ್ನ ಸಾಯಿಸಿದ್ದು ಇರಲಿ, ನಾನಂತೂ ಇಲ್ಲೇ ಕುಂತೀನಿ. ಆ ಹೆಣ್ಣುಮಗಳು ಒಬ್ಬಾಕಿನೇ ಬಿದ್ದು ಸತ್ತಳು. ಅದರಾಗೂ ಆಕಿ ಹೆಸರು ಇಲ್ಲದಂಗ ಮಾಡಿಬಿಟ್ಟಿ."

ಹುಡುಗಿ ಬಿಕ್ಕಿ ಅಳತೊಡಗಿದಳು. ಅಜ್ಜಿ ಎದ್ದು ಅವಳ ಹತ್ತಿರ ಹೋಗಲಿಲ್ಲ. ನನಗೂ ಹೋಗಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅವಳ ಫೋನಿನ ಅಲಾರಂ ಹೊಡೆಯಿತು. ಅವಳು ಮೂಗು ಒರೆಸಿಕೊಂಡು, ಕೈ ತೊಳೆದು, ಫ್ರಿಜ್ಜಿನಿಂದ ಚಿಕ್ಕ ಬಾಟಲಿ ತಂದಳು. ಅಜ್ಜಿ ಮಾತಿಲ್ಲದೆ ತಲೆ ಹಿಂದಕ್ಕೆ ಒರಗಿಸಿದರು. ಎರಡು ಹನಿ. ನಾನು ಹೇಳದೆ ಹೊರಬಂದೆ. ಆಮೇಲೆ ಎರಡು ದಿನ ಅಜ್ಜಿ ಅವಳ ಜೊತೆ ಮಾತಾಡಲಿಲ್ಲವಂತೆ; ಡ್ರಾಪ್ಸ್ ಮಾತ್ರ ಹಾಕಿಸಿಕೊಂಡರಂತೆ.

ಹತ್ತು ದಿನಕ್ಕೆ ಲಾ ಹೋಯಾದಿಂದ ಉತ್ತರ ಬಂತು. ಆಯ್ಕೆಯಾಗಿರಲಿಲ್ಲ. ನನಗೂ ಒಂದು ಸಾಲು ಬಂದಿತ್ತು, ತಿದ್ದುಪಡಿಗಾಗಿ ವಂದನೆ ಎಂದು. ಅವಳ ತಂದೆ ಫೋನ್ ಮಾಡಿ, "ನಿಮ್ಮ ಮಗಳು ಸೇರ್ಕೊಂಡಾಯ್ತು, ಇನ್ನೊಬ್ಬರ ಮಕ್ಕಳ ಮೇಲೆ ಪ್ರಯೋಗ ಮಾಡ್ತೀರಾ" ಎಂದರು. ನಾನು ಕ್ಷಮೆ ಕೇಳಿದೆ, ಪ್ರಬಂಧದ ಪಾಠ ಹಾಗೆ ಮಾಡಿದ್ದಕ್ಕೆ. ಪತ್ರ ತಿದ್ದಿದ್ದಕ್ಕಲ್ಲ ಎಂದೂ ಹೇಳಿದೆ. ಫೋನು ಇಟ್ಟರು. ಹುಡುಗಿ ಕ್ಲಾಸಿಗೆ ಬರುವುದು ನಿಂತಿತು. ಕನ್ನಡದವರೆಲ್ಲ ಸೇರಿದ ಯುಗಾದಿಯ ಊಟದಲ್ಲಿ ಅವಳ ತಂದೆ ನನ್ನನ್ನು ಕಂಡು ಬೇರೆ ಸಾಲಿಗೆ ಹೋಗಿ ಕೂತರು.

ಮುಂದಿನ ಶನಿವಾರ ಉಳಿದ ಮಕ್ಕಳಿಗೆ ನಾನು ಹೇಳಬೇಕಿತ್ತು. ಹೆಸರು ಹೇಳದೆ, ನನ್ನ ತಪ್ಪನ್ನಷ್ಟೇ ಹೇಳಿದೆ. ನೋವಿಲ್ಲದವರು ನೋವು ಹುಡುಕುವುದು ಬೇಡ, ನಿಮಗೇನೂ ಆಗಿಲ್ಲವಾದರೆ ಆಗಿಲ್ಲ ಎಂದೇ ಬರೆಯಬಹುದು ಎಂದೆ. ಒಬ್ಬ ಹುಡುಗ, "ಹಾಗಾದರೆ ನಾನು ನನ್ನ ಸೈಕಲ್ ಚೈನಿನ ಬಗ್ಗೆ ಬರೆಯಬಹುದಾ?" ಎಂದು ಕೇಳಿದ. ಬರಿ ಎಂದೆ. ಒಬ್ಬ ತಾಯಿ ಆ ವಾರವೇ ಮಗನನ್ನು ಬಿಡಿಸಿ ದುಡ್ಡು ಕೊಟ್ಟು ಕಲಿಯುವ ಕಡೆ ಸೇರಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ವರ್ಷದ ಮಟ್ಟಿಗೆ ನನ್ನ ಮೇಲೆಯೇ ನನಗೆ ನಂಬಿಕೆ ಇರಲಿಲ್ಲ.

ಚಳಿಗಾಲದ ಒಂದು ಶನಿವಾರ ಪಾಠ ಮುಗಿಸಿ ಕುರ್ಚಿಗಳನ್ನು ಸರಿಯಿಡುತ್ತಿದ್ದೆ. ಬಾಗಿಲಲ್ಲಿ ಅವಳ ತಂದೆ ನಿಂತಿದ್ದರು. ಒಳಗೆ ಬಂದು ಮೇಜಿನ ತುದಿಯ ಕುರ್ಚಿಯಲ್ಲಿ ಕೂತರು. ಮತ್ತೇನು ಹೇಳಲು ಬಂದರೋ ಎಂದು ನಾನು ನಿಂತೇ ಇದ್ದೆ.

"ಕಾಲೇಜ್ ಅಪ್ಲಿಕೇಶನ್ ಎಲ್ಲ ಕಳಿಸಿದ್ಲು" ಎಂದರು. "ಏನು ಬರೆದಿದಾಳೆ ಅಂತ ನನಗೆ ತೋರಿಸಿಲ್ಲ."

"ನನಗೂ ತೋರಿಸಿಲ್ಲ."

"ಗೊತ್ತು. ಬೇಸಿಗೆ ಪೂರ್ತಿ ದೊಡ್ಡಮ್ಮನ ಬಗ್ಗೆ ಕೇಳ್ತಾನೇ ಇದ್ಲು. ಯಾವ ಊರು, ಎಷ್ಟು ಓದಿದ್ರು, ಏನು ಅಡುಗೆ ಮಾಡ್ತಿದ್ರು. ಏನಕ್ಕೆ, ಬರಿಯೋಕಾ ಅಂದೆ. ಇಲ್ಲ, ಸುಮ್ನೆ ಅಂದ್ಲು. ನಾನು ಇಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಅವರ ಬಗ್ಗೆ ಯಾರ ಹತ್ರಾನೂ ಮಾತಾಡಿಲ್ಲ, ಮೇಡಂ. ಯಾರೂ ಕೇಳಿರ್ಲಿಲ್ಲ."

ಆಮೇಲೆ ಅವರು ನನಗೂ ಹೇಳಿದರು. ದೊಡ್ಡಮ್ಮ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದದ್ದು, ಇವರ ತಲೆಗೆ ಎಣ್ಣೆ ಹಚ್ಚಿ ಎಡಕ್ಕೆ ಬೈತಲೆ ತೆಗೆಯುತ್ತಿದ್ದದ್ದು, ಎಂಜಿನಿಯರಿಂಗ್ ಸೇರಿಸಲು ತಾವೇ ಬಸ್ಸಿನಲ್ಲಿ ಕಾಲೇಜುಗಳನ್ನು ಸುತ್ತಿ ಫಾರಂ ತಂದದ್ದು. ಲೈಬ್ರರಿಯವರು ಬಂದು ಮುಚ್ಚುವ ಹೊತ್ತಾಯಿತು ಎನ್ನುವವರೆಗೂ ಹೇಳಿದರು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಹೋಗುವಾಗ ಉಳಿದ ಎರಡು ಕುರ್ಚಿಗಳನ್ನು ತಾವೇ ಮೇಜಿನೊಳಕ್ಕೆ ತಳ್ಳಿದರು.

ಅವಳು ಆಸೆಪಟ್ಟ ಎರಡು ಕಾಲೇಜುಗಳಲ್ಲಿ ಸೀಟು ಸಿಗಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ಅಲ್ಲಿ ಈಗ ಎರಡನೇ ವರ್ಷ, ಡಾಕ್ಟರಿಕೆಗಲ್ಲ, ಸಂಖ್ಯಾಶಾಸ್ತ್ರಕ್ಕೆ. ಹೋದ ತಿಂಗಳು ಒಂದು ಮೆಸೇಜ್ ಬಂತು: ರಜೆಗೆ ಬಂದಾಗ ಒಂದು ಶನಿವಾರ ಜೂನಿಯರ್‌ಗಳ ಜೊತೆ ಮಾತಾಡಬಹುದೇ ಎಂದು. ಯಾವ ವಿಷಯದ ಬಗ್ಗೆ ಎಂದು ಕೇಳಿದೆ. 'ಇಂಟರ್‌ವ್ಯೂ' ಎಂದು ಬರೆದಿದ್ದಳು. ಬಾ ಎಂದೆ.